ಬ್ಯಾಟರಿ ಬದಲಿಸುವ ಮುನ್ನ ಮೂರು ಅಳತೆ

2021ರ ಮೇ ತಿಂಗಳಲ್ಲಿ ಕೊರೊನಾ ಎರಡನೇ ಅಲೆಗೆ ತಮಿಳುನಾಡು ಬಾಗಿಲು ಹಾಕಿಕೊಂಡಿತು. ಜೂನ್‌ನಲ್ಲಿ ನಿರ್ಬಂಧಗಳು ಹಂತ ಹಂತವಾಗಿ ಸಡಿಲವಾದಾಗ, ಸೋಂಕು ಇನ್ನೂ ಹೆಚ್ಚಿದ್ದ 11 ಜಿಲ್ಲೆಗಳಿಗೆ ಮಿಕ್ಕ ಜಿಲ್ಲೆಗಳಷ್ಟು ರಿಯಾಯಿತಿ ಸಿಗಲಿಲ್ಲ. ಕೊಯಮತ್ತೂರು, ತಿರುಪ್ಪೂರು ಎರಡೂ ಆ ಪಟ್ಟಿಯಲ್ಲಿದ್ದವು. ಮನೆಯ ಮುಂದೆ, ಮೆಟ್ಟಿಲ ಕೆಳಗೆ, ಕಾಂಪೌಂಡಿನ ಬೇವಿನ ನೆರಳಲ್ಲಿ ಸ್ಕೂಟರುಗಳು ವಾರಗಟ್ಟಲೆ ನಿಂತವು. ಮತ್ತೆ ಹೊರಗೆ ತೆಗೆದಾಗ ಟೈರಿಗೆ ಗಾಳಿ ತುಂಬಿಸಿಕೊಂಡರೆ ಸಾಕಿತ್ತು, ಪೆಟ್ರೋಲ್ ಇದ್ದಲ್ಲೇ ಇತ್ತು. ಕೈಕೊಟ್ಟದ್ದು ಬ್ಯಾಟರಿ.

ಆ ದಿನಗಳು ಹೋದವು, ಆ ತೊಂದರೆ ಹೋಗಲಿಲ್ಲ. ದೀಪಾವಳಿಗೆ, ಪೊಂಗಲ್‌ಗೆ ತಿರುಪ್ಪೂರಿನ ಬನಿಯನ್ ಕಂಪನಿಗಳು ರಜೆ ಕೊಡುತ್ತವೆ. ದೂರದಿಂದ ಬಂದವರೆಲ್ಲ ಊರಿಗೆ ಹೊರಡುತ್ತಾರೆ. ಚಾಮರಾಜನಗರದ ಕಡೆಯವರು ಸತ್ಯಮಂಗಲ ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿ ಬಸ್ಸಿನಲ್ಲಿ ಹೋಗುತ್ತಾರೆ. ಗಾಡಿ ಲೈನ್ ಮನೆಯ ಮುಂದೆ ನಿಲ್ಲುತ್ತದೆ. ಹಬ್ಬ ಮುಗಿಸಿ ಬಂದ ಮರುದಿನ ಶಿಫ್ಟಿಗೆ ಹೊರಟು ಬಟನ್ ಒತ್ತಿದರೆ ‘ಟಕ್ ಟಕ್ ಟಕ್’ ಎಂಬ ಸದ್ದು ಮಾತ್ರ. ಮೀಟರಿನ ದೀಪ ಮಂಕಾಗುತ್ತದೆ, ಸೆಲ್ಫ್ ತಗೊಳ್ಳುವುದಿಲ್ಲ. ಕೂಡಲೇ ಯಾರೋ ಒಬ್ಬರು ತೀರ್ಪು ಕೊಡುತ್ತಾರೆ: “ಬ್ಯಾಟರಿ ಹೋಯ್ತು, ಹೊಸದು ಹಾಕಿಸಿ.” ಸಾವಿರ ರೂಪಾಯಿಗಿಂತ ಮೇಲಿನ ಖರ್ಚು, ಒಂದು ದಿನದ ಕೂಲಿಗಿಂತ ಹೆಚ್ಚು.

ನನ್ನ ತಕರಾರು ಇರುವುದು ಈ ತೀರ್ಪಿನ ಬಗ್ಗೆ. ಇಳಿದ ಬ್ಯಾಟರಿ ಬೇರೆ, ಸತ್ತ ಬ್ಯಾಟರಿ ಬೇರೆ. ಬ್ಯಾಟರಿಗೆ ಚಾರ್ಜ್ ಬಾರದೇ ಇರುವುದು ಮೂರನೆಯದು, ಅದರಲ್ಲಿ ಬ್ಯಾಟರಿಯ ತಪ್ಪೇ ಇಲ್ಲ. ಮೂರಕ್ಕೂ ಮೇಲುನೋಟದ ಲಕ್ಷಣ ಒಂದೇ. ಯಾವುದು ಎಂದು ತಿಳಿಯಲು ಅಳೆಯಬೇಕು, ಅಳೆಯಲು ಐದು ನಿಮಿಷ ಸಾಕು.

ಮೊದಲು ಈ ಪೆಟ್ಟಿಗೆ ಎಷ್ಟು ಚಿಕ್ಕದು ಎಂಬುದನ್ನು ನೋಡಿ. ನಮ್ಮ ಸ್ಕೂಟರುಗಳಲ್ಲಿ ಇರುವುದು 12 ವೋಲ್ಟಿನ, ಸಾಮಾನ್ಯವಾಗಿ 3ರಿಂದ 5 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ. ಒಂದು ಕೈಯಲ್ಲಿ ಹಿಡಿಯಬಹುದು. 3 ಆಂಪಿಯರ್-ಅವರ್ ಎಂದರೆ, ಲೆಕ್ಕಕ್ಕೆ, 3 ಆಂಪಿಯರ್ ವಿದ್ಯುತ್ತನ್ನು ಒಂದು ಗಂಟೆ ಕೊಡುವಷ್ಟು. 35 ವ್ಯಾಟಿನ ಹೆಡ್‌ಲೈಟ್ ಬಲ್ಬು ಒಂದೇ ಸುಮಾರು 3 ಆಂಪಿಯರ್ ಎಳೆಯುತ್ತದೆ. ಹಾಗಿರುವಾಗ ಎಂಜಿನ್ ನಿಂತ ಮೇಲೆ ಕೀ ಆನ್ ಇದ್ದರೆ ಎಷ್ಟು ಬೇಗ ಖಾಲಿಯಾದೀತು ಎಂದು ನೀವೇ ಲೆಕ್ಕ ಹಾಕಬಹುದು.

ಒಳಗಿರುವುದು ಹಳೆಯ ವಿದ್ಯೆಯೇ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ತತ್ವ ಇಂದಿಗೂ ಬದಲಾಗಿಲ್ಲ. ಆರು ಕೋಶಗಳು, ಒಂದೊಂದೂ 2 ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಸೀಸದ ಫಲಕಗಳು ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆದಿರುತ್ತವೆ. ವಿದ್ಯುತ್ ಕೊಡುತ್ತಾ ಹೋದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದರೆ ಅದು ಕರಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಮಾತ್ರ. ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಆ ಸಲ್ಫೇಟ್ ಹರಳುಗಟ್ಟುತ್ತದೆ. ಉಡುಮಲೈ ಕಡೆಯ ಆಲೆಮನೆಗಳಲ್ಲಿ ಪಾಕ ಬಿಸಿಯಾಗಿರುವಾಗ ಹರಿಯುತ್ತದೆ, ಅಚ್ಚಿನಲ್ಲಿ ಆರಿದ ಮೇಲೆ ಒಡೆಯಬೇಕಾಗುತ್ತದಲ್ಲ, ಹಾಗೆ. ಹರಳುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಾಕಿದರೆ ವೋಲ್ಟೇಜ್ ಬೇಗ ಏರುತ್ತದೆ, ಒಳಗೆ ಶಕ್ತಿ ತುಂಬುವುದಿಲ್ಲ. ಬಟನ್ ಒತ್ತಿದ ಕ್ಷಣ ಕುಸಿಯುತ್ತದೆ. ಅದು ನಿಜವಾಗಿ ಸತ್ತ ಬ್ಯಾಟರಿ.

ಸಿರುಮುಗೈಯ ಒಂದು ಗ್ಯಾರೇಜಿನಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಮೇಟ್ಟುಪಾಳೆಯದ ಬಳಿಯ ಈ ನೇಕಾರರ ಊರಿನಲ್ಲಿ ದೇವಾಂಗರ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ರೇಷ್ಮೆ ಸೀರೆಯ ಗಂಟು ಕಾಲಿನ ಬಳಿ ಇಟ್ಟುಕೊಂಡು ಸ್ಕೂಟರಿನಲ್ಲಿ ಓಡಾಡುವ ನೇಕಾರರು ಬೆಳಿಗ್ಗೆಯೆಲ್ಲ ಕಾಣುತ್ತಾರೆ. ಅಂಥ ಒಬ್ಬ ಹಿರಿಯರು ಗಾಡಿ ತಳ್ಳಿಕೊಂಡು ಬಂದರು. ವರ್ಷದೊಳಗೆ ಎರಡು ಹೊಸ ಬ್ಯಾಟರಿ ಹಾಕಿಸಿದ್ದರು, ಬೇರೆಲ್ಲೋ. ಎರಡನೆಯದೂ ಮಲಗಿತ್ತು.

“ಮೂರನೆಯದೂ ಹಾಕ್ಬಿಡಪ್ಪಾ, ಇನ್ನೇನು ಮಾಡೋದು” ಎಂದರು.

“ಇರಿ ಮಾವ, ಮೊದಲು ಅಳೆದು ನೋಡೋಣ. ಅದು ಸತ್ತಿಲ್ಲ, ಹಸಿದಿದೆ ಅಷ್ಟೆ ಅಂತ ಕಾಣುತ್ತೆ” ಎಂದ ಮೆಕ್ಯಾನಿಕ್ ಹುಡುಗ.

ಮಲ್ಟಿಮೀಟರಿನ ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. 11.9 ವೋಲ್ಟ್. ಬ್ಯಾಟರಿ ಬಿಚ್ಚಿ ನಿಧಾನ ಚಾರ್ಜಿಗೆ ಹಾಕಿದ. ಸಂಜೆ ಅದನ್ನು ಗಾಡಿಗೆ ಕೂರಿಸಿ ಅಳೆದಾಗ 12.7. ಸೆಲ್ಫ್ ಹೊಡೆಯುವಾಗ ಮೀಟರ್ 10.6ರವರೆಗೆ ಇಳಿದು ಮೇಲೆ ಬಂತು, ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಆಮೇಲೆ ಅವನು ಮಾಡಿದ್ದೇ ಹಿಂದೆ ಬ್ಯಾಟರಿ ಹಾಕಿಕೊಟ್ಟವರು ಮಾಡದೇ ಬಿಟ್ಟ ಕೆಲಸ. ಎಂಜಿನ್ ಓಡುತ್ತಿರುವಾಗಲೇ ಕಡ್ಡಿಗಳನ್ನು ಅಲ್ಲೇ ಹಿಡಿದು ಆಕ್ಸಿಲರೇಟರ್ ತಿರುಗಿಸಿದ. ಮೀಟರ್ 12.4ರಿಂದ ಮೇಲೇಳಲಿಲ್ಲ. ಗಾಡಿ ಓಡಿದರೂ ಬ್ಯಾಟರಿಗೆ ಏನೂ ಬರುತ್ತಿರಲಿಲ್ಲ. ಮುಂದಿನ ಕವರ್ ಬಿಚ್ಚಿ ರೆಗ್ಯುಲೇಟರಿನ ಕನೆಕ್ಟರ್ ಎಳೆದ. ಒಳಗಿನ ಒಂದು ಪಿನ್ ಹಸಿರು ಹಿಡಿದು, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು. ಕನೆಕ್ಟರ್ ಬದಲಿಸಿ ಮತ್ತೆ ಅಳೆದಾಗ 14.2. ಆ ಹಿರಿಯರು ಮೀಟರಿನ ಅಂಕಿಯನ್ನೇ ನೋಡುತ್ತ ನಿಂತಿದ್ದರು. ಎರಡು ಬ್ಯಾಟರಿಯ ಹಣ ಹೋದದ್ದು ಈ ಒಂದು ಪಿನ್ನಿಗೆ.

ನಾನು ಹೇಳುವ ಮೂರು ಅಳತೆ ಇವೇ. ಗಾಡಿ ಕೆಲವು ಗಂಟೆ ನಿಂತ ಮೇಲೆ 12.6 ಅಥವಾ ಹೆಚ್ಚು ಇದ್ದರೆ ಬ್ಯಾಟರಿ ತುಂಬಿದೆ, 12.2ರ ಸುಮಾರು ಎಂದರೆ ಅರ್ಧ, 12ಕ್ಕಿಂತ ಕೆಳಗೆ ಬಂದರೆ ಬಹುಮಟ್ಟಿಗೆ ಖಾಲಿ. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ ಸುಮಾರು 10ರ ಮೇಲೆ ನಿಲ್ಲಬೇಕು; 9ಕ್ಕೂ ಕೆಳಗೆ ಕುಸಿದರೆ ಅದರ ಆಯಸ್ಸು ಮುಗಿದಿದೆ. ಎಂಜಿನ್ ಓಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ 13.5ರಿಂದ 14.5ರ ಆಸುಪಾಸು ಬರಬೇಕು. ಬಾರದಿದ್ದರೆ ರೆಗ್ಯುಲೇಟರ್, ಮ್ಯಾಗ್ನೆಟ್ ಕಾಯಿಲ್, ವೈರಿಂಗ್ ಈ ಮೂರರಲ್ಲಿ ಎಲ್ಲೋ ದೋಷವಿದೆ. 15 ದಾಟಿದರೂ ರೆಗ್ಯುಲೇಟರೇ ಕಾರಣ, ಅದು ಬ್ಯಾಟರಿಯನ್ನು ಒಳಗೇ ಬೇಯಿಸುತ್ತದೆ. ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೋಟಾರು-ಪಂಪಿನ ಊರಾದ ಕೊಯಮತ್ತೂರಿನಲ್ಲಿ, 1937ರಲ್ಲೇ ಜಿ.ಡಿ. ನಾಯ್ಡು ಅವರು ವಿದ್ಯುತ್ ಮೋಟಾರು ತಯಾರಿಸಿದ ಊರಿನಲ್ಲಿ, ಮೀಟರ್ ಹಿಡಿಯಬಲ್ಲವರು ಬೀದಿಗೊಬ್ಬರು ಇದ್ದಾರೆ. ಕೇಳಿದರೆ ಅಳೆದುಕೊಡುತ್ತಾರೆ.

ಹಿಂದೆ ಈ ತಾಪತ್ರಯ ಇಷ್ಟಿರಲಿಲ್ಲ ಎಂದು ಹಿರಿಯರು ಹೇಳುವುದು ನಿಜ. 1972ರಲ್ಲಿ ಬಂದ ಬಜಾಜ್ ಚೇತಕ್ ಗಾಡಿಗಳಲ್ಲಿ ಎಷ್ಟೋ ಬ್ಯಾಟರಿಯಿಲ್ಲದೆ ಓಡುತ್ತಿದ್ದವು. ಕಿಕ್ಕರ್ ತುಳಿದರೆ ಮ್ಯಾಗ್ನೆಟ್ ತಿರುಗಿ ಸ್ಪಾರ್ಕ್ ಕೊಡುತ್ತಿತ್ತು. ಅದೂ ಆಗದಿದ್ದರೆ ಎರಡನೇ ಗೇರಿಗೆ ಹಾಕಿ ತಳ್ಳುತ್ತಿದ್ದರು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಗೇರಿಲ್ಲದ ಓಟವನ್ನೂ ಬಟನ್ ಸ್ಟಾರ್ಟನ್ನೂ ತಂದಿತು. ಅದಾದ ಮೇಲೆ ಹೆಣ್ಣುಮಕ್ಕಳ ಕೈಗೆ ಸ್ಕೂಟರ್ ಬಂದದ್ದು, ತಿರುಪ್ಪೂರಿನಂಥ ಊರಿನ ದುಡಿಮೆಯ ಸ್ವರೂಪವೇ ಬದಲಾದದ್ದು ಸಣ್ಣ ಸಂಗತಿಯಲ್ಲ. 2017ರ ಏಪ್ರಿಲ್ 1ರಿಂದ ಎಂಜಿನ್ ಓಡುವಾಗಲೆಲ್ಲ ಹೆಡ್‌ಲೈಟ್ ಉರಿಯುವುದು ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದು ಕಾರ್ಬ್ಯುರೇಟರ್ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂತು. ಈಗ ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪಿಗೂ, ಎಷ್ಟು ಚಿಮ್ಮಬೇಕೆಂದು ಲೆಕ್ಕ ಹಾಕುವ ಇಸಿಯುಗೂ ವಿದ್ಯುತ್ ಬೇಕು. ಹಳೆಯ ಕಾರ್ಬ್ಯುರೇಟರ್ ಗಾಡಿ ಬ್ಯಾಟರಿ ಪೂರ್ತಿ ಮಲಗಿದರೂ ಕಿಕ್ಕಿಗೆ ಏಳುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಬ್ಯಾಟರಿ ಸ್ವಲ್ಪವಾದರೂ ಉಸಿರಾಡುತ್ತಿದ್ದರೆ ಕಿಕ್ ಫಲ ಕೊಡುತ್ತದೆ, ಪೂರ್ತಿ ಬರಿದಾಗಿದ್ದರೆ ಎಷ್ಟೋ ಸಲ ಕಾಲುನೋವು ಮಾತ್ರ ಉಳಿಯುತ್ತದೆ.

ತಳ್ಳಿ ಸ್ಟಾರ್ಟ್ ಮಾಡುವ ಸಾಹಸವಂತೂ ಬೇಡ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ ವೇಗ ಪಡೆದ ಮೇಲೆಯೇ ಕ್ಲಚ್ಚಿನ ಶೂಗಳು ಅಗಲಗೊಂಡು ಹಿಂಚಕ್ರವನ್ನು ಹಿಡಿಯುತ್ತವೆ. ಎಂಜಿನ್ ನಿಂತಿದ್ದಾಗ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿದಿರುತ್ತದೆ. ಅವಿನಾಶಿ ರಸ್ತೆಯುದ್ದಕ್ಕೂ ತಳ್ಳಿದರೂ ಅದು ಏಳುವುದಿಲ್ಲ.

ಬ್ಯಾಟರಿ ಏಕೆ ಇಳಿಯುತ್ತದೆ? ಸೆಲ್ಫ್ ಹೊಡೆಯುವಾಗ ಹತ್ತಾರು ಆಂಪಿಯರ್ ಹರಿದರೂ ಅದು ಕ್ಷಣಮಾತ್ರ, ಒಟ್ಟು ಖರ್ಚು ಹೆಚ್ಚಲ್ಲ. ಗಾಡಿ ಒಂದೇ ಓಟದಲ್ಲಿ ಸ್ವಲ್ಪ ದೂರ ಹೋದರೆ ಅದು ಮರಳಿ ತುಂಬುತ್ತದೆ. ಕೊಯಮತ್ತೂರಿನಿಂದ ತಿರುಪ್ಪೂರಿಗೆ ಸುಮಾರು 50 ಕಿಲೋಮೀಟರ್ ಓಡಾಡುವವರ ಗಾಡಿಯಲ್ಲಿ ಬ್ಯಾಟರಿ ದೂರು ಅಪರೂಪ. ಲೈನ್ ಮನೆಯಿಂದ ಮಗುವಿನ ಶಾಲೆ, ಅಲ್ಲಿಂದ ಕಂಪನಿ, ಸಂಜೆ ತರಕಾರಿ ಅಂಗಡಿ, ರೇಷನ್ ಅಂಗಡಿ ಎಂದು ಒಂದೂವರೆ-ಎರಡು ಕಿಲೋಮೀಟರಿನ ತುಂಡು ತುಂಡು ಓಟ ಓಡಿಸುವ ಹೆಂಗಸಿನ ಗಾಡಿಗೆ ಅದು ಮತ್ತೆ ಮತ್ತೆ ಬರುತ್ತದೆ. ದಿನಕ್ಕೆ ಹಲವು ಸಲ ಸೆಲ್ಫ್, ನಡುವೆ ಸಿಗ್ನಲ್ಲು. ಎಂಜಿನ್ ನಿಧಾನವಾಗಿ ಗುರುಗುಟ್ಟುತ್ತಿರುವಾಗ ಹುಟ್ಟುವ ವಿದ್ಯುತ್ತು ಹೆಡ್‌ಲೈಟು, ಪಂಪು, ಬ್ರೇಕ್ ದೀಪಕ್ಕೇ ಸರಿಹೋಗುತ್ತದೆ, ಬ್ಯಾಟರಿಗೆ ಉಳಿಯುವುದು ಅಲ್ಪ. ಆಕೆ ಗಾಡಿ ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದು ಮನೆಯವರು ಬೈಯುವುದನ್ನು ಕೇಳಿದ್ದೇನೆ. ಅದು ಅನ್ಯಾಯ. ಭಾನುವಾರ ಅರ್ಧ ಗಂಟೆ ನಿಲ್ಲಿಸದೆ ಓಡಿಸಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಎಂಜಿನ್ ಆನ್ ಮಾಡಿಟ್ಟರೆ ಪೆಟ್ರೋಲ್ ಹೋಗುತ್ತದೆ, ಚಾರ್ಜ್ ಏರುವುದಿಲ್ಲ.

ನಿಂತ ಗಾಡಿಯ ಲೆಕ್ಕ ಬೇರೆ. ಕೀ ಆಫ್ ಇದ್ದರೂ ಕೆಲವು ಭಾಗಗಳು ಹನಿ ಹನಿಯಾಗಿ ವಿದ್ಯುತ್ ಕುಡಿಯುತ್ತಿರುತ್ತವೆ. ಈಗಿನ ಡಿಜಿಟಲ್ ಮೀಟರಿನ ಗಡಿಯಾರ ರಾತ್ರಿಯೂ ಓಡಬೇಕಲ್ಲ. ಇದೆಲ್ಲ ಸೇರಿ 1 ಮಿಲಿಆಂಪಿಯರ್ ಆದರೆ 3 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಲೆಕ್ಕದಲ್ಲಿ 125 ದಿನ ಬರುತ್ತದೆ. ಹೊರಗಿನಿಂದ ಹಾಕಿಸಿದ ಜಿಪಿಎಸ್ ಪೆಟ್ಟಿಗೆಯೋ ಅಲಾರಮ್ಮೋ 10 ಮಿಲಿಆಂಪಿಯರ್ ಎಳೆದರೆ ಅದೇ ಬ್ಯಾಟರಿ 12 ದಿನಕ್ಕೇ ಬರಿದು. ಜೊತೆಗೆ ಬಿಸಿಲು: ಉಷ್ಣಾಂಶ 10 ಡಿಗ್ರಿ ಏರಿದರೆ ಬ್ಯಾಟರಿ ತನ್ನಷ್ಟಕ್ಕೆ ಇಳಿಯುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೊಸ ಗಾಡಿಗೆ ಬೇಡದ ದೀಪ, ಎರಡನೇ ಹಾರ್ನ್, ಹಾಡಿನ ಪೆಟ್ಟಿಗೆ ಹಾಕಿಸಿ ವೈರನ್ನು ಕತ್ತರಿಸಿ ಟೇಪ್ ಸುತ್ತುವ ಅಂಗಡಿಗಳಿಂದ ದೂರವಿರಿ. ಎರಡು ವಾರಕ್ಕಿಂತ ಹೆಚ್ಚು ದಿನ ಊರಿಗೆ ಹೋಗುವುದಿದ್ದರೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಟ್ಟು ಹೋಗಿ, ಒಂದು ಸ್ಕ್ರೂಡ್ರೈವರಿನ ಕೆಲಸ.

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಗಾಡಿಯ ಚಾಸಿ ಪೂರ್ತಿ ಮೈನಸ್ಸಿಗೆ ಸೇರಿದೆ. ಮೈನಸ್ ಇನ್ನೂ ಜೋಡಿಸಿದ್ದಾಗ ಪ್ಲಸ್ ತಿರುಪು ಬಿಚ್ಚುವ ಸ್ಪ್ಯಾನರ್ ಎಲ್ಲಾದರೂ ಚಾಸಿಗೆ ತಗುಲಿದರೆ ಕಿಡಿ ಹಾರಿ ಫ್ಯೂಸೋ ಕೈಯೋ ಸುಡುತ್ತದೆ. ತಿರುಪಿನ ಮೇಲೆ ಬಿಳಿ-ಹಸಿರು ಪುಡಿ ಕಂಡರೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬಿಗಿ ಮಾಡಿ, ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿ. ಸತ್ತಿತೆಂದ ಬ್ಯಾಟರಿ ಇಷ್ಟಕ್ಕೇ ಎದ್ದು ಕೂರುವುದುಂಟು.

ದಾರಿಯಲ್ಲಿ ಗಾಡಿ ನಿಂತರೆ ಬಟನ್ನನ್ನು ಒತ್ತಿಹಿಡಿದು ಕೂರಬೇಡಿ. ಐದು ಸೆಕೆಂಡ್ ಒತ್ತಿ, ಹತ್ತು ಸೆಕೆಂಡ್ ಬಿಡಿ. ಇಂಜೆಕ್ಷನ್ ಗಾಡಿಯಲ್ಲಿ ಕೀ ತಿರುಗಿಸಿ ಪಂಪಿನ ‘ಗುಂಯ್’ ಸದ್ದು ಮುಗಿಯುವವರೆಗೆ ಕಾದು ಆಮೇಲೆ ಕಿಕ್ ತುಳಿಯಿರಿ. ಆಗದಿದ್ದರೆ ಇನ್ನೊಂದು 12 ವೋಲ್ಟಿನ ಬೈಕಿನಿಂದ ಜಂಪ್ ಕೇಬಲ್ ಹಾಕಬಹುದು. ಕೆಂಪು ಕೇಬಲ್ ಪ್ಲಸ್ಸಿನಿಂದ ಪ್ಲಸ್ಸಿಗೆ. ಕಪ್ಪು ಕೇಬಲಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ನಿಂತ ಗಾಡಿಯ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಎದ್ದ ಮೇಲೆ ತಿರುವುಮುರುವಾಗಿ ತೆಗೆಯಿರಿ. ಕಾರಿನಿಂದ ಕೊಡುವುದಾದರೆ ಕಾರಿನ ಎಂಜಿನ್ ಆಫ್ ಇರಲಿ. ಪ್ಲಸ್-ಮೈನಸ್ ಅದಲುಬದಲಾದರೆ ಫ್ಯೂಸ್ ಮಾತ್ರವಲ್ಲ, ರೆಗ್ಯುಲೇಟರೂ ಹೋಗುತ್ತದೆ. ಗಾಡಿ ಓಡುತ್ತಿರುವಾಗ ಬ್ಯಾಟರಿಯನ್ನು ಕಳಚಿ ಪರೀಕ್ಷಿಸುವ ಹಳೆಯ ಕಾಲದ ಚಾಳಿ ಈಗಲೂ ಅಲ್ಲಲ್ಲಿ ಇದೆ. ಇಸಿಯು ಇರುವ ಗಾಡಿಯಲ್ಲಿ ಅದನ್ನು ಮಾಡಲು ಯಾರಿಗೂ ಬಿಡಬೇಡಿ. ಬ್ಯಾಟರಿಯಿಲ್ಲದಾಗ ವೋಲ್ಟೇಜ್ ಹದ್ದುಮೀರಿ ಸಾವಿರಾರು ರೂಪಾಯಿಯ ಭಾಗ ಸುಡಬಹುದು. ಕೀ ಇಲ್ಲದ ಸ್ಮಾರ್ಟ್ ಕೀ ಗಾಡಿಯಿದ್ದರೆ, ಬ್ಯಾಟರಿ ಮಲಗಿದಾಗ ಲಾಕ್ ತೆಗೆಯುವ ಬಗೆಯನ್ನು ಮ್ಯಾನ್ಯುಯಲ್‌ನಲ್ಲಿ ಇವತ್ತೇ ಓದಿಡಿ.

ಇನ್ನು ಚಾರ್ಜಿಂಗ್. ಸಾಮರ್ಥ್ಯದ ಹತ್ತನೇ ಒಂದು ಭಾಗ ಎಂಬುದು ಒಳ್ಳೆಯ ಸೂತ್ರ: 4 ಆಂಪಿಯರ್-ಅವರ್ ಬ್ಯಾಟರಿಗೆ 0.4 ಆಂಪಿಯರ್, ಹಲವು ಗಂಟೆ ಕಾಲ. ಲಾರಿ ಬ್ಯಾಟರಿಗಳ ಸಾಲಿನಲ್ಲೇ ಸ್ಕೂಟರಿನದನ್ನೂ ಸಿಕ್ಕಿಸಿ ಒಂದು ಗಂಟೆಯಲ್ಲಿ ‘ಫುಲ್’ ಎಂದು ಕೊಡುವವರಿದ್ದಾರೆ. ನನ್ನ ಗಾಡಿಯ ಬ್ಯಾಟರಿ ಹಾಗೆಯೇ ಉಬ್ಬಿ ಬಂದಿತ್ತು. ಎಷ್ಟು ಆಂಪಿಯರಿನಲ್ಲಿ ಹಾಕುತ್ತೀರಿ ಎಂದು ಕೇಳಿಯೇ ಕೊಡಿ.

ಈ ಸೀಮೆಯಲ್ಲಿ ಇನ್ನೊಂದು ರೂಢಿ ಇದೆ. 2012ರ ಆಸುಪಾಸಿನಲ್ಲಿ ಕೊಯಮತ್ತೂರು, ತಿರುಪ್ಪೂರುಗಳಲ್ಲಿ ದಿನದ ಬಹುಭಾಗ ಕರೆಂಟ್ ಇರುತ್ತಿರಲಿಲ್ಲ. ಆಗ ಮನೆ ಮನೆಗೂ ಇನ್ವರ್ಟರ್ ಬಂತು, ಡಿಸ್ಟಿಲ್ಡ್ ವಾಟರ್ ಹಾಕುವುದು ಮಕ್ಕಳಿಗೂ ಗೊತ್ತಾಯಿತು. ಆ ಅಭ್ಯಾಸಬಲದಿಂದ ಸ್ಕೂಟರಿನ ಸೀಲ್ ಮಾಡಿದ ಬ್ಯಾಟರಿಯ ಮುಚ್ಚಳವನ್ನೂ ಮೀಟಿ ನೀರು ಸುರಿಯುತ್ತಾರೆ. ಈಗಿನವುಗಳಲ್ಲಿ ಆಮ್ಲ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ. ತೆರೆದರೆ ಹಾಳಾಗುತ್ತದೆ, ವಾರಂಟಿಯೂ ಹೋಗುತ್ತದೆ.

ಎಲೆಕ್ಟ್ರಿಕ್ ಸ್ಕೂಟರ್ ಕೊಂಡವರೂ ಇದರಿಂದ ಪೂರ್ತಿ ಪಾರಾಗಿಲ್ಲ. 2008ರಲ್ಲಿ ಕೊಯಮತ್ತೂರಿನಲ್ಲೇ ಆಂಪಿಯರ್ ಎಂಬ ಎಲೆಕ್ಟ್ರಿಕ್ ಗಾಡಿಯ ಕಂಪನಿ ಹುಟ್ಟಿತ್ತು, ಆ ಕಾಲದಲ್ಲಿ ಅಗ್ಗದ ಎಲೆಕ್ಟ್ರಿಕ್ ಗಾಡಿಗಳು ಸೀಸದ ಬ್ಯಾಟರಿಯನ್ನೇ ನಂಬಿದ್ದವು. ಈಗ ಲಿಥಿಯಂ ಬಂದಿದೆ. ಅದನ್ನು ಸೊನ್ನೆಗೆ ಇಳಿಸಿ ತಿಂಗಳು ನಿಲ್ಲಿಸಬೇಡಿ, ಅರ್ಧದಷ್ಟು ಚಾರ್ಜ್ ಇಟ್ಟು ಹೋಗಿ.

ಬ್ಯಾಟರಿ ನೋಡಲು ಒಳ್ಳೆಯ ದಿನ ನಮ್ಮ ಕ್ಯಾಲೆಂಡರಿನಲ್ಲೇ ಇದೆ. ಆಯುಧಪೂಜೆಗೆ ಹೇಗೂ ಗಾಡಿ ತೊಳೆಯುತ್ತೀರಿ. ಅದೇ ಹೊತ್ತಿಗೆ ಈ ಕಡೆಯ ಹಿಂಗಾರು ಮಳೆಯೂ ಹತ್ತಿರವಾಗಿರುತ್ತದೆ. ಪ್ರೆಷರ್ ನೀರನ್ನು ಬ್ಯಾಟರಿಯ ಗೂಡಿಗೂ ಕನೆಕ್ಟರುಗಳಿಗೂ ನೇರ ಹಾಯಿಸದೆ ತೊಳೆದು, ಒಣಗಿದ ಮೇಲೆ ಆ ಮೂರು ಅಳತೆ ತೆಗೆದು ವಾರಂಟಿ ಕಾರ್ಡಿನ ಹಿಂದೆ ತಾರೀಖಿನೊಂದಿಗೆ ಬರೆದಿಡಿ. ಮುಂದಿನ ವರ್ಷ ಅಂಗಡಿಯವರ ಮುಂದೆ ನಿಮ್ಮ ಬಾಯಿಮಾತಿಗಿಂತ ಆ ಅಂಕಿಗಳಿಗೆ ತೂಕ ಹೆಚ್ಚು.

ಅಳೆದ ಮೇಲೂ ಬ್ಯಾಟರಿ ಮುಗಿದಿದ್ದರೆ ಬದಲಿಸಲೇಬೇಕು. ಹಳೆಯದನ್ನು ಮಾತ್ರ ಗುಜರಿಯವರಿಗೆ ಹಾಕಬೇಡಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಗುಜರಿ ಶೆಡ್ಡಿನಲ್ಲಿ ಒಡೆದರೆ ಆಮ್ಲ ಚರಂಡಿಗೆ ಹೋಗುತ್ತದೆ, ಸೀಸದ ಹೊಗೆ ಅಲ್ಲೇ ಆಡುವ ಮಕ್ಕಳ ಮೈಗೆ ಸೇರುತ್ತದೆ. ಸೀಸದ ವಿಷಯದಲ್ಲಿ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಳೆಯ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಡಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ, ಬಿಲ್ ಕೇಳಿ ಪಡೆಯಿರಿ.